ಸಹಾಯ ಪುಟಕ್ಕೆ ಯಾವ ಫಾಂಟ್?

ತಂತ್ರಾಂಶದ ಸಹಾಯ ಪುಟವನ್ನು ಯಾರೂ ಬಿಡುವಾಗಿ ಕೂತು ಓದುವುದಿಲ್ಲ. ಅರ್ಜಿ ಅರ್ಧಕ್ಕೆ ನಿಂತಾಗ, ಒಟಿಪಿ ಬಾರದಿದ್ದಾಗ, ‘ಸಲ್ಲಿಸಿ’ ಎಂಬ ಗುಂಡಿಯನ್ನು ನಾಲ್ಕು ಸಲ ಒತ್ತಿದರೂ ಪರದೆ ಅಲುಗದಿದ್ದಾಗ ಅದರ ನೆನಪಾಗುತ್ತದೆ. ಓದುವವರ ಅರ್ಧ ಗಮನ ಪುಟದ ಮೇಲಿದ್ದರೆ ಇನ್ನರ್ಧ ನಿಂತುಹೋದ ಕೆಲಸದ ಮೇಲೆ. ಇಂಥ ಪಠ್ಯಕ್ಕೆ ಫಾಂಟ್ ಆರಿಸುವಾಗ ಅಂದಚೆಂದದ ಮಾತು ಹಿಂದಕ್ಕೆ ಸರಿಯುತ್ತದೆ. ಆ ಫಾಂಟ್ ಓದುವವರ ಫೋನಿನಲ್ಲಿ ಅಥವಾ ಕಂಪ್ಯೂಟರಿನಲ್ಲಿ ಇದೆಯೆ, ಇದ್ದರೆ ಅದರ ಅಕ್ಷರಗಳು ಒಂದೇ ನೋಟಕ್ಕೆ ಗುರುತು ಸಿಗುತ್ತವೆಯೆ ಎಂಬ ಎರಡೇ ಪ್ರಶ್ನೆಗಳು ಉಳಿಯುತ್ತವೆ.

ಅಚ್ಚಿನ ಕಾಲದಲ್ಲಿ ಮೊದಲ ಪ್ರಶ್ನೆ ಏಳುತ್ತಲೇ ಇರಲಿಲ್ಲ. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯ 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರತಂದದ್ದು ಕಲ್ಲಚ್ಚಿನಲ್ಲಿ, 1894ರಲ್ಲಿ ಕಿಟೆಲ್ ನಿಘಂಟು ಬರುವ ಹೊತ್ತಿಗೆ ಕನ್ನಡಕ್ಕೆ ಒಳ್ಳೆಯ ಅಚ್ಚುಮೊಳೆಗಳಿದ್ದವು. ಆ ಮೊಳೆಗಳು ಮುದ್ರಣಾಲಯದಲ್ಲಿದ್ದರೆ ಸಾಕಿತ್ತು. ಬಂಟ್ವಾಳದಲ್ಲಿ ಕೂತು ಪತ್ರಿಕೆ ಓದುವವನ ಮನೆಯಲ್ಲಿ ಮೊಳೆ ಇರಬೇಕಾಗಿರಲಿಲ್ಲ. ಪರದೆಯ ಮೇಲೆ ಇದು ತಿರುಗುಮುರುಗು. ಬರೆದವರು ಕಳಿಸುವುದು ಅಕ್ಷರದ ಆಕಾರವನ್ನಲ್ಲ, ಅಕ್ಷರದ ಸಂಕೇತವನ್ನು. ಆಕಾರ ಕೊಡುವ ಫಾಂಟ್ ಇರಬೇಕಾದ್ದು ಓದುವವರ ಸಾಧನದಲ್ಲಿ. ಅಲ್ಲಿ ಇಲ್ಲದ ಫಾಂಟನ್ನು ನೆಚ್ಚಿ ಬರೆದ ಪುಟ ಬೇರೆ ಯಾವುದೋ ಫಾಂಟಿನಲ್ಲಿ ಅಂದಗೆಟ್ಟು ತೆರೆಯುತ್ತದೆ, ಇಲ್ಲವೆ ಖಾಲಿ ಚೌಕಗಳ ಸಾಲಾಗಿ ಕಾಣುತ್ತದೆ.

ಇಂಗ್ಲಿಷಿಗೆ ಈ ತೊಡಕು ಬಗೆಹರಿದದ್ದು 1996ರ ಸುಮಾರಿಗೆ. ಮ್ಯಾಥ್ಯೂ ಕಾರ್ಟರ್ ಪರದೆಗೆಂದೇ ರೂಪಿಸಿದ ವರ್ಡಾನಾ ಮತ್ತು ಜಾರ್ಜಿಯಾ ಫಾಂಟ್‌ಗಳನ್ನು ಮೈಕ್ರೋಸಾಫ್ಟ್ ಉಚಿತವಾಗಿ ಹಂಚಿತು. ಅಗಲವಾದ ಅಕ್ಷರ, ನಡುವೆ ಧಾರಾಳ ಜಾಗ, ದೊಡ್ಡ ಐ, ಚಿಕ್ಕ ಎಲ್ ಮತ್ತು 1 ಒಂದರಂತೆ ಒಂದಿಲ್ಲದಿರುವುದು ವರ್ಡಾನಾದ ಗುಣಗಳು. ಆದರೆ ಸಹಾಯ ಕಡತ ಬರೆಯುವವರು ಅದನ್ನು ಕಣ್ಣುಮುಚ್ಚಿ ಆರಿಸಿಕೊಂಡದ್ದಕ್ಕೆ ಮುಖ್ಯ ಕಾರಣ ಬೇರೆ: ಅದು ಬಹುಪಾಲು ಯಂತ್ರಗಳಲ್ಲಿ ಆಗಲೇ ಇತ್ತು.

ಕನ್ನಡದ ದಾರಿ ಇಷ್ಟು ಸಲೀಸಾಗಿರಲಿಲ್ಲ. ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸುವ ಕೆಲಸದಲ್ಲಿ ಕರಾವಳಿಯ ಪಾಲು ದೊಡ್ಡದು. ಮಂಗಳೂರು ಸಮೀಪದ ಕಿನ್ನಿಕಂಬಳದ ಕೆ.ಪಿ. ರಾವ್ ರೂಪಿಸಿದ ಧ್ವನ್ಯಾತ್ಮಕ ಕೀಲಿಮಣೆ ವಿನ್ಯಾಸವೇ ಮುಂದೆ ‘ನುಡಿ’ಗೆ ಆಧಾರವಾಯಿತು, ಅವರ ಒಂದು ಕನ್ನಡ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿದೆ. 1998ರಲ್ಲಿ ‘ಬರಹ’ ಬಂತು, ಬಳಿಕ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ಕಚೇರಿಗಳಲ್ಲೂ ಡಿಟಿಪಿ ಅಂಗಡಿಗಳಲ್ಲೂ ಕನ್ನಡದ ಓಡಾಟ ಹೆಚ್ಚಿದ್ದು ಇವುಗಳಿಂದ. ಆದರೆ ಆ ಕಾಲದ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ್ದವು. ಫಾಂಟ್ ಇದ್ದಲ್ಲಿ ಅದು ಕನ್ನಡ. ಇಲ್ಲದಲ್ಲಿ ‘ಕನ್ನಡ’ ಎಂಬ ಪದವೇ ದೊಡ್ಡ ಪಿ, ಬ್ರಿಟಿಷ್ ಪೌಂಡಿನ ಗುರುತು, ಚಿಕ್ಕ ಕ್ಯೂ ಮತ್ತು ಅವುಗಳ ನಡುವೆ ತಲೆಯ ಮೇಲೆ ಗೀಟು ಹೊತ್ತ ಎ ಅಕ್ಷರಗಳ ಸಾಲು. ಮದುವೆಯ, ನೇಮದ ಆಮಂತ್ರಣ ಪತ್ರಿಕೆ ಮುದ್ರಿಸುವ ಅಂಗಡಿಗಳಲ್ಲಿ ಈ ಪದ್ಧತಿ ಇಂದಿಗೂ ಕೆಲಸಕ್ಕೆ ಬರುತ್ತದೆ, ಏಕೆಂದರೆ ಅಲ್ಲಿಂದ ಹೊರಬೀಳುವುದು ಕಾಗದ. ಅದೇ ಕಡತದಿಂದ ನಾಲ್ಕು ಸಾಲು ಎತ್ತಿ ಸಹಾಯ ಪುಟಕ್ಕೆ ಅಂಟಿಸಿದರೆ ಮಾತ್ರ ಕೆಡುತ್ತದೆ. ಕಣ್ಣಿಗೆ ಸರಿಯಾಗಿ ಕಂಡರೂ ಹುಡುಕಿದರೆ ಪದ ಸಿಗುವುದಿಲ್ಲ. ವಾಟ್ಸ್‌ಆ್ಯಪ್‌ಗೆ ಹಾಕಿದರೆ ಅರ್ಥವಾಗುವುದಿಲ್ಲ. ಕಣ್ಣು ಕಾಣದವರಿಗಾಗಿ ಪರದೆಯನ್ನು ಓದಿ ಹೇಳುವ ತಂತ್ರಾಂಶ ಪಿ, ಪೌಂಡ್, ಕ್ಯೂ ಎಂದೇ ಓದುತ್ತದೆ.

ಹಾಗಾಗಿ ಫಾಂಟ್ ಆಯ್ಕೆಗಿಂತ ಮೊದಲು ಪಠ್ಯ ಯೂನಿಕೋಡ್‌ನಲ್ಲಿರಬೇಕು. ಯೂನಿಕೋಡ್ ಪಟ್ಟಿಯಲ್ಲಿ ಕನ್ನಡಕ್ಕೆಂದು 128 ಸ್ಥಾನಗಳು ಮೀಸಲಾಗಿವೆ. ಒತ್ತಕ್ಷರಕ್ಕೆ, ಗುಣಿತಾಕ್ಷರಕ್ಕೆ ಬೇರೆ ಬೇರೆ ಸ್ಥಾನಗಳಿಲ್ಲ. ‘ಳ್ತ’ ಎಂದರೆ ಳ, ವಿರಾಮ ಚಿಹ್ನೆ, ತ ಎಂಬ ಮೂರು ಸಂಕೇತಗಳು. ಅವನ್ನು ಕೂಡಿಸಿ ಒಂದರ ಕೆಳಗೊಂದು ಇಡುವುದು ಫಾಂಟ್ ಮತ್ತು ಸಾಧನದ ಕಾರ್ಯವ್ಯವಸ್ಥೆ ಎರಡೂ ಸೇರಿ ಮಾಡುವ ಕೆಲಸ.

ಈಗ ಯಾವ ಸಾಧನದಲ್ಲಿ ಯಾವ ಫಾಂಟ್ ಇರುತ್ತದೆ ಎಂಬುದು. ವಿಂಡೋಸ್ ಎಕ್ಸ್‌ಪಿಯೊಂದಿಗೆ 2001ರಲ್ಲಿ ‘ತುಂಗಾ’ ಬಂತು. ಬಹಳ ಕಾಲ ವಿಂಡೋಸ್‌ನ ಕನ್ನಡವೆಂದರೆ ತುಂಗಾವೇ ಆಗಿತ್ತು. ಅದೇ ಅಳತೆಯ ಇಂಗ್ಲಿಷಿನ ಪಕ್ಕದಲ್ಲಿ ಅದು ಸಣ್ಣದಾಗಿ ಕಾಣುತ್ತದೆ. 2012ರಲ್ಲಿ ವಿಂಡೋಸ್ 8ರ ಜತೆ ‘ನಿರ್ಮಲಾ ಯುಐ’ ಬಂದ ಮೇಲೆ ತುಂಗಾ ಹಿಂದೆ ಸರಿಯಿತು. ವಿಂಡೋಸ್ 10ರಲ್ಲಿ ಬೇಕಾದವರು ಬೇರೆಯಾಗಿ ಸೇರಿಸಿಕೊಳ್ಳುವ ಫಾಂಟ್‌ಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಹಳೆಯ ಸಹಾಯ ಕಡತಗಳಲ್ಲಿ ತುಂಗಾ ಒಂದನ್ನೇ ಹೆಸರಿಸಿದ್ದರೆ ಅವನ್ನು ತಿದ್ದಬೇಕಾದ್ದು ಇದಕ್ಕಾಗಿ. ಆ್ಯಂಡ್ರಾಯ್ಡ್ ಫೋನುಗಳಲ್ಲಿ ಸಾಮಾನ್ಯವಾಗಿ ಇರುವುದು ಗೂಗಲ್‌ನ ‘ನೋಟೋ ಸ್ಯಾನ್ಸ್ ಕನ್ನಡ’. ಆಪಲ್ ಸಾಧನಗಳಲ್ಲಿ ‘ಕನ್ನಡ ಸಂಗಮ್ ಎಂಎನ್’. ಲಿನಕ್ಸ್‌ನಲ್ಲಿ ‘ಲೋಹಿತ್ ಕನ್ನಡ’, ‘ಗುಬ್ಬಿ’, ‘ನವಿಲು’. ಯಾವುದೇ ಒಂದು ಫಾಂಟ್ ಎಲ್ಲ ಕಡೆಯೂ ಇಲ್ಲ ಎಂಬುದು ಈ ಪಟ್ಟಿಯಿಂದಲೇ ಗೊತ್ತಾಗುತ್ತದೆ. ಅದಕ್ಕೇ ಪುಟದ ಶೈಲಿಸೂಚಿಯಲ್ಲಿ ಒಂದು ಹೆಸರಿನ ಬದಲು ಒಂದು ಸರಣಿಯನ್ನೇ ಕೊಡುವುದು ವಾಡಿಕೆ: ಮೊದಲು ನೋಟೋ, ಇಲ್ಲದಿದ್ದರೆ ನಿರ್ಮಲಾ, ಅದೂ ಇಲ್ಲದಿದ್ದರೆ ಕನ್ನಡ ಸಂಗಮ್, ಕೊನೆಗೆ ತುಂಗಾ. ಇವು ನಾಲ್ಕೂ ಪರದೆಯ ಮೇಲೆ ನೆಚ್ಚಬಹುದಾದ ಫಾಂಟ್‌ಗಳೇ. ಪುಟದ ಭಾಷೆ ಕನ್ನಡ ಎಂದು ಕಡತದೊಳಗೆ ನಮೂದಿಸುವುದೂ ಈ ಕೆಲಸದ ಭಾಗ.

ಪುಟದ ಜತೆ ಫಾಂಟನ್ನೇ ಕಳಿಸಿಕೊಡುವ ಉಪಾಯವೂ ಇದೆ. ವೆಬ್ ಫಾಂಟ್ ಎಂದು ಕರೆಯುವ ಈ ವಿಧಾನದಲ್ಲಿ ಓದುವವರ ಸಾಧನದಲ್ಲಿ ಏನಿದೆ ಎಂಬ ಚಿಂತೆ ಇಲ್ಲ. ‘ಅನೇಕ್ ಕನ್ನಡ’, ‘ಬಲೂ ತಮ್ಮ’, ‘ತಿರೋ ಕನ್ನಡ’, ‘ಹುಬ್ಬಳ್ಳಿ’ಯಂಥ ಮುಕ್ತ ಪರವಾನಗಿಯ ಫಾಂಟ್‌ಗಳು ಹೀಗೆ ಬಳಸಲು ಸಿಗುತ್ತವೆ. ಬಲೂ ತಮ್ಮ ಶೀರ್ಷಿಕೆಗೆ ಚೆನ್ನ, ಹತ್ತು ಸಾಲಿನ ಸೂಚನೆಗೆ ತೀರ ದಪ್ಪ. ತಿರೋ ಸಾಹಿತ್ಯ ಪಠ್ಯಕ್ಕೆ ಒಗ್ಗುವ ಫಾಂಟ್. ಆದರೆ ಫಾಂಟ್ ಇಳಿದು ಬರಲು ನೆಟ್‌ವರ್ಕ್ ಬೇಕು. ಬೆಳ್ತಂಗಡಿ ತಾಲೂಕಿನ ಘಟ್ಟದ ಬುಡದ ಊರುಗಳಲ್ಲಿ, ಚಾರ್ಮಾಡಿ, ದಿಡುಪೆಯ ಕಡೆ, ನೆಟ್‌ವರ್ಕ್ ಕೈಕೊಡುವುದು ಹೊಸ ಸಂಗತಿಯಲ್ಲ. ಅಕ್ಷರ ಮೂಡುವ ಮೊದಲೇ ಬೇಸತ್ತು ಪುಟ ಮುಚ್ಚುವವರಿಗೆ ಫಾಂಟಿನ ಸೊಬಗು ಸಿಕ್ಕಿ ಆಗುವುದೇನು? ಸಹಾಯ ಪಠ್ಯಕ್ಕೆ ಸಾಧನದಲ್ಲಿರುವ ಫಾಂಟೇ ಸಾಕು; ವೆಬ್ ಫಾಂಟ್ ಬಳಸಲೇಬೇಕೆಂದಿದ್ದರೆ ಅದು ಬರುವ ತನಕ ಸಾಧನದ ಫಾಂಟಿನಲ್ಲಿ ಪಠ್ಯ ಕಾಣುವಂತೆ ಏರ್ಪಾಟು ಬೇಕು. ಪಠ್ಯವನ್ನು ಚಿತ್ರವಾಗಿ ಹಾಕುವುದು ಮೂರನೆಯ ದಾರಿ, ಮತ್ತು ಕೆಟ್ಟ ದಾರಿ. ಚಿತ್ರವನ್ನು ಬೆರಳಲ್ಲಿ ಹಿಗ್ಗಿಸಿದರೆ ಸಾಲು ಪರದೆಯಿಂದಾಚೆ ಓಡುತ್ತದೆ, ಪಠ್ಯದಂತೆ ಮಡಚಿಕೊಂಡು ಕೆಳಗಿಳಿಯುವುದಿಲ್ಲ.

ಓದುವಿಕೆಯ ವಿಷಯಕ್ಕೆ ಬಂದರೆ, ಕನ್ನಡ ಲಿಪಿಯ ಬೇಡಿಕೆಗಳು ಇಂಗ್ಲಿಷಿನವಲ್ಲ. ಇಂಗ್ಲಿಷಿನಲ್ಲಿ ಅಕ್ಷರದ ತುದಿಗೆ ಚಾಚು ಇದೆಯೋ ಇಲ್ಲವೋ ಎಂಬುದು ದೊಡ್ಡ ಚರ್ಚೆ. ಕನ್ನಡದಲ್ಲಿ ನೋಡಬೇಕಾದ್ದು ಗೆರೆಯ ದಪ್ಪ. ಅಚ್ಚುಮೊಳೆಯ ಕನ್ನಡದಲ್ಲಿ ಒಂದೇ ಅಕ್ಷರದಲ್ಲಿ ಗೆರೆ ಒಮ್ಮೆ ದಪ್ಪ, ಒಮ್ಮೆ ತೆಳು; ಕಾಗದದ ಮೇಲೆ ಅದು ಸೊಗಸು. ಅಗ್ಗದ ಪರದೆಯಲ್ಲಿ, ಸಣ್ಣ ಅಳತೆಯಲ್ಲಿ ತೆಳು ಗೆರೆ ಮಾಸಿಹೋಗುತ್ತದೆ. ನೋಟೋ ಸ್ಯಾನ್ಸ್, ನಿರ್ಮಲಾದಂಥ ಹೆಚ್ಚುಕಡಿಮೆ ಸಮ ದಪ್ಪದ ಗೆರೆಯ ಫಾಂಟ್‌ಗಳು ಪರದೆಗೆ ಹೊಂದುವುದು ಈ ಕಾರಣಕ್ಕೆ.

ಇನ್ನು ಅಕ್ಷರಕ್ಕೂ ಅಕ್ಷರಕ್ಕೂ ಇರುವ ವ್ಯತ್ಯಾಸ ಬಹಳ ಕಡೆ ಒಂದು ಚಿಕ್ಕ ಗೀಟಿನದು. ದ ಮತ್ತು ಧ, ಬ ಮತ್ತು ಭ, ಡ ಮತ್ತು ಢ: ಮಹಾಪ್ರಾಣವನ್ನು ತೋರಿಸುವುದು ಕೆಳಗಿನ ಸೀಳು ಮಾತ್ರ. ಥ ಆಗಬೇಕಾದರೆ ಧದ ಹೊಟ್ಟೆಯೊಳಗೊಂದು ಚುಕ್ಕೆ. ಪ, ಷ, ಫ ಮೂರಕ್ಕೂ ಒಂದೇ ಮೈಕಟ್ಟು. ವ ಮತ್ತು ಪ ಅಕ್ಷರಗಳಿಗೆ ಕೊಂಬು ಹಚ್ಚುವಾಗ ಅದನ್ನು ಪಕ್ಕಕ್ಕೆ ಅಂಟಿಸದೆ ಕೆಳಗಿನಿಂದ ತೂಗಿಬಿಡುತ್ತಾರೆ. ಇಲ್ಲವಾದರೆ ‘ವು’ ನೋಡಲು ‘ಮ’ ಆಗಿಬಿಡುತ್ತದೆ. ಈ ಸೂಕ್ಷ್ಮಗಳನ್ನು 14 ಪಿಕ್ಸೆಲ್ ಅಳತೆಯಲ್ಲೂ ಉಳಿಸಿಕೊಳ್ಳುವ ಫಾಂಟ್ ಒಳ್ಳೆಯದು. ಆದರೂ ಕನ್ನಡಕ್ಕೆ ಇಂಗ್ಲಿಷಿಗಿಂತ ಒಂದೆರಡು ಪಿಕ್ಸೆಲ್ ಹೆಚ್ಚೇ ಕೊಡುವುದು ಜಾಣತನ. ಒತ್ತಕ್ಷರಕ್ಕೆಂದು ಕೆಳಗೆ ಜಾಗ ಬಿಡಬೇಕಾಗಿ ಬರುವುದರಿಂದ ಅದೇ ಅಳತೆಯಲ್ಲಿ ಮೂಲಾಕ್ಷರ ಕುಗ್ಗಿರುತ್ತದೆ.

ಪರೀಕ್ಷೆಗೆ ಎಲ್ಲಿಗೂ ಹೋಗಬೇಕಾಗಿಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳ ಊರ ಹೆಸರುಗಳೇ ಫಾಂಟಿನ ಬಂಡವಾಳವನ್ನು ಬಯಲು ಮಾಡುತ್ತವೆ. ‘ಬಂಟ್ವಾಳ’ದಲ್ಲಿ ಸೊನ್ನೆಯ ಬೆನ್ನಿಗೇ ಟಕ್ಕೆ ವ ಒತ್ತು, ಅದರ ಮೇಲೆ ದೀರ್ಘ. ಒತ್ತು ಬಲಕ್ಕೆ ಚಾಚಿ ಮುಂದಿನ ಳಕ್ಕೆ ತಾಗಿದರೆ ಆ ಫಾಂಟ್ ಬೇಡ. ‘ಬೆಳ್ತಂಗಡಿ’ಯ ಳ್ತದಲ್ಲಿ ತ ಒತ್ತು ಮಸಿಯ ಚುಕ್ಕೆಯಂತಾಗದೆ ಒತ್ತಾಗಿಯೇ ಕಾಣಬೇಕು. ‘ಮೂಡುಬಿದಿರೆ’ಯಲ್ಲಿ ಒತ್ತಿಲ್ಲ, ಆದರೆ ಕೊಂಬು, ಗುಡಿಸು, ಎತ್ವ ಎಲ್ಲವೂ ಇವೆ. ‘ಧರ್ಮಸ್ಥಳ’ದಲ್ಲಿ ಮಹಾಪ್ರಾಣದ ಸೀಳು, ಅರ್ಕಾವೊತ್ತು, ಸಕ್ಕೆ ಥ ಒತ್ತು ಮೂರೂ ಸೇರಿವೆ, ಥದ ಚುಕ್ಕೆ ಒತ್ತಿನ ಅಳತೆಯಲ್ಲೂ ಉಳಿದಿದೆಯೆ ಎಂದು ನೋಡಬೇಕು. ‘ಫರಂಗಿಪೇಟೆ’ಯಲ್ಲಿ ಫ ಮತ್ತು ಪ ಒಂದೇ ಪದದಲ್ಲಿ ಎದುರುಬದುರು. ‘ಶಿರ್ತಾಡಿ’ಯ ಅರ್ಕಾವೊತ್ತು, ‘ಮಡಂತ್ಯಾರು’ವಿನ ಯ ಒತ್ತು, ‘ಕಲ್ಲಡ್ಕ’ದ ಜೋಡಿ ಒತ್ತುಗಳು. ಈ ಎಂಟು ಹೆಸರುಗಳು ಸಣ್ಣ ಅಳತೆಯಲ್ಲೂ ದಪ್ಪಕ್ಷರದಲ್ಲೂ ತಡವರಿಸದೆ ಓದಿಸಿಕೊಂಡರೆ ಆ ಫಾಂಟನ್ನು ನೆಚ್ಚಬಹುದು.

ಸಹಾಯ ಪಠ್ಯಕ್ಕೆ ಕಥೆ, ಕಾದಂಬರಿಗಳಿಗಿಲ್ಲದ ಇನ್ನೊಂದು ಕಷ್ಟವಿದೆ. ಅದರ ತುಂಬ ಇಂಗ್ಲಿಷಿನಿಂದ ಬಂದ ಪದಗಳು, ಆ ಪದಗಳ ತುಂಬ ಒತ್ತಕ್ಷರಗಳು: ಕ್ಲಿಕ್, ಪ್ರಿಂಟ್, ಸ್ಕ್ಯಾನ್, ಸ್ಕ್ರೀನ್. ‘ಸ್ಕ್ರೀ’ಯಲ್ಲಿ ಸದ ಕೆಳಗೆ ಕ, ಅದರ ಜತೆಗೆ ರ, ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ. ‘ಇನ್ಸ್ಟಾಲ್’ ಎಂದು ಬರೆದರೆ ನದ ಕೆಳಗೆ ಎರಡು ಒತ್ತು ಇಳಿದು ಸಾಲು ಮುದ್ದೆಯಾಗುತ್ತದೆ; ‘ಇನ್‌ಸ್ಟಾಲ್’ ಎಂದರೆ ಕಣ್ಣಿಗೆ ಹಗುರ. ಎರಡರ ನಡುವಿನ ವ್ಯತ್ಯಾಸ ಜೀರೋ ವಿಡ್ತ್ ನಾನ್ ಜಾಯ್ನರ್ ಎಂಬ, ಕಣ್ಣಿಗೆ ಕಾಣದ, ಪಕ್ಕದ ಅಕ್ಷರಗಳನ್ನು ಕೂಡಗೊಡದ ಒಂದು ಸಂಕೇತ. ಡೌನ್‌ಲೋಡ್, ಪಾಸ್‌ವರ್ಡ್, ಸಾಫ್ಟ್‌ವೇರ್ ಎಲ್ಲದರಲ್ಲೂ ಅದೇ ಕೆಲಸ ಮಾಡುತ್ತಿದೆ. ಇನ್ನು ‘ಆ್ಯಪ್’ ಎಂಬ ನಿತ್ಯದ ಪದವೇ ಲಿಪಿಯ ನಿಯಮಕ್ಕೆ ಹೊರತು: ಸ್ವರಕ್ಕೆ ವ್ಯಂಜನದ ಒತ್ತು. ಹಳೆಯ ಕಾರ್ಯವ್ಯವಸ್ಥೆಗಳಲ್ಲಿ ಇಲ್ಲಿ ಚುಕ್ಕೆಗಳ ವೃತ್ತವೊಂದು ನಡುವೆ ನುಸುಳಬಹುದು. ‘ರ‍್ಯಾಂಕ್’ ಬರೆಯುವಾಗಲೂ ಕಾಣದ ಸಂಕೇತವೊಂದನ್ನು ಸೇರಿಸದಿದ್ದರೆ ರ ಅರ್ಕಾವೊತ್ತಾಗಿ ಯದ ಹಿಂದೆ ಹೋಗಿ ಕೂರುತ್ತದೆ.

ಫಾಂಟ್ ಎಷ್ಟೇ ಒಳ್ಳೆಯದಾದರೂ ಜಾಗ ಕೊಡದಿದ್ದರೆ ಕೆಲಸ ಕೆಡುತ್ತದೆ. ತಂತ್ರಾಂಶವನ್ನು ಮೊದಲು ಇಂಗ್ಲಿಷಿನಲ್ಲಿ ಕಟ್ಟಿ, ಆಮೇಲೆ ಕನ್ನಡ ತುಂಬುವ ರೂಢಿಯಿಂದಾಗಿ ಗುಂಡಿಗಳ, ಪಟ್ಟಿಗಳ ಎತ್ತರ ಇಂಗ್ಲಿಷಿನ ಅಳತೆಯಲ್ಲೇ ಇರುತ್ತದೆ. ಕೆಳಭಾಗ ಕತ್ತರಿಸಿದರೆ ಮೊದಲು ಹೋಗುವುದು ಒತ್ತು. ‘ಸಲ್ಲಿಸಿ’ ಎಂಬುದು ‘ಸಲಿಸಿ’ಯಂತೆ ಕಂಡರೂ ಓದುಗರು ಹೇಗೋ ಊಹಿಸಿಕೊಳ್ಳುತ್ತಾರೆ, ‘ಹಳ್ಳಿ ಆಯ್ಕೆ ಮಾಡಿ’ ಎಂಬುದು ‘ಹಳಿ’ಯಾದರೆ ರೈಲಿನ ನೆನಪಾಗುತ್ತದೆ. ಸಾಲಿನ ಎತ್ತರ ಅಕ್ಷರದ ಅಳತೆಯ ಒಂದೂವರೆ ಪಟ್ಟಿಗಿಂತ ಕಡಿಮೆಯಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ವೆಬ್ ಪುಟಗಳ ಸುಗಮತೆಗೆಂದು ಇರುವ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಸಾಲಿನ ಎತ್ತರವನ್ನು 1.5 ಪಟ್ಟು ಮಾಡಿದಾಗ, ಅಕ್ಷರವನ್ನು ಶೇ. 200ರಷ್ಟು ಹಿಗ್ಗಿಸಿದಾಗ ಪಠ್ಯ ಕಳೆದುಹೋಗಬಾರದು ಎನ್ನುತ್ತದೆ. ಕನ್ನಡಕ್ಕೆ 1.6, 1.7ರ ತನಕ ಹೋದರೂ ಅತಿಯಾಗದು.

ಒತ್ತಿಹೇಳಬೇಕಾದ ಪದವನ್ನು ಓರೆಯಾಗಿಸುವ ಇಂಗ್ಲಿಷ್ ಪದ್ಧತಿ ಕನ್ನಡಕ್ಕೆ ಸಲ್ಲದು. ಕನ್ನಡ ಫಾಂಟ್‌ಗಳಲ್ಲಿ ಓರೆ ರೂಪ ಸಾಮಾನ್ಯವಾಗಿ ಇರುವುದಿಲ್ಲ. ಯಂತ್ರ ನೇರ ಅಕ್ಷರವನ್ನೇ ವಾಲಿಸಿಬಿಡುತ್ತದೆ. ದಪ್ಪಕ್ಷರವನ್ನು ಹಿತಮಿತವಾಗಿ ಬಳಸಬಹುದು, ಫಾಂಟಿನಲ್ಲೇ ದಪ್ಪ ರೂಪ ಇದ್ದರೆ ಮಾತ್ರ. ಇಲ್ಲದಿದ್ದಾಗ ಯಂತ್ರ ಬಲವಂತವಾಗಿ ದಪ್ಪ ಮಾಡಿದರೆ ಥದ ಚುಕ್ಕೆ, ಧದ ಸೀಳು ಮುಚ್ಚಿಹೋಗುತ್ತವೆ. ಗುಂಡಿಯ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಇಡುವ ಹಳೆಯ ಕ್ರಮವೇ ಎಲ್ಲಕ್ಕಿಂತ ಸುರಕ್ಷಿತ.

ಅಂಕಿಗಳಲ್ಲಿ ಇನ್ನಷ್ಟು ಎಚ್ಚರ ಬೇಕು. ಕನ್ನಡದ ೦ ಮತ್ತು ಅನುಸ್ವಾರದ ಸೊನ್ನೆ, ೯ ಮತ್ತು ಅರ್ಕಾವೊತ್ತು ಬಹುತೇಕ ಒಂದೇ ರೂಪ. ಬಳಕೆದಾರರು ತಾವೇ ಒತ್ತಬೇಕಾದ ಸಂಖ್ಯೆಯನ್ನು ಕೀಲಿಮಣೆಯಲ್ಲಿರುವಂತೆ 1, 2, 3 ಎಂದೇ ಕೊಡುವುದು ಮೇಲು. ಬ್ಯಾಂಕಿನ ಐಎಫ್‌ಎಸ್‌ಸಿ ಸಂಕೇತ ಇದಕ್ಕೆ ತಕ್ಕ ಉದಾಹರಣೆ. ಅದರಲ್ಲಿ 11 ಅಕ್ಷರ. ಐದನೆಯದು ಯಾವಾಗಲೂ ಸೊನ್ನೆ, ಆದರೆ ಎಷ್ಟೋ ಮಂದಿ ಅದನ್ನು ಇಂಗ್ಲಿಷಿನ ಓ ಎಂದು ಒತ್ತುತ್ತಾರೆ. ದಕ್ಷಿಣ ಕನ್ನಡದ ಎಷ್ಟೋ ಮನೆಯವರ ಖಾತೆಗಳಿದ್ದ ವಿಜಯಾ, ಸಿಂಡಿಕೇಟ್, ಕಾರ್ಪೊರೇಷನ್ ಬ್ಯಾಂಕುಗಳು 2019 ಮತ್ತು 2020ರಲ್ಲಿ ಬೇರೆ ಬ್ಯಾಂಕುಗಳೊಂದಿಗೆ ವಿಲೀನವಾದ ಮೇಲೆ ಜನ ಹೊಸ ಸಂಕೇತಗಳನ್ನು ಮತ್ತೆ ತುಂಬಬೇಕಾಯಿತು. ಇಂಥ ಸಂಕೇತ ತೋರಿಸುವ ಕಡೆ ಸೊನ್ನೆಯೂ ಓ ಅಕ್ಷರವೂ ಸ್ಪಷ್ಟವಾಗಿ ಬೇರೆ ಕಾಣುವ ಫಾಂಟ್ ಬೇಕು, ಜತೆಗೆ ‘ಐದನೆಯದು ಸೊನ್ನೆ’ ಎಂಬ ಒಂದು ಸಾಲು ಬೇಕು. ಎರಡನೆಯದೇ ಹೆಚ್ಚು ಕೆಲಸ ಮಾಡುತ್ತದೆ ಎನ್ನಬಹುದು.

ಓದುವ ಜಾಗವೂ ಲೆಕ್ಕಕ್ಕೆ ಬರುತ್ತದೆ. 2020ರಿಂದ ರೈತರೇ ತಮ್ಮ ಬೆಳೆಯ ವಿವರ ದಾಖಲಿಸುವ ಬೆಳೆ ಸಮೀಕ್ಷೆ ಆ್ಯಪ್ ಬಳಕೆಯಲ್ಲಿದೆ. ಅದರ ಸೂಚನೆಗಳನ್ನು ಓದುವುದು ಕಚೇರಿಯ ದೀಪದ ಕೆಳಗಲ್ಲ, ಅಡಿಕೆ ತೋಟದಲ್ಲಿ. ನೆರಳಿನಿಂದ ಗದ್ದೆಯ ಬಿಸಿಲಿಗೆ ಬಂದರೆ ಬೂದು ಬಣ್ಣದ ತೆಳು ಅಕ್ಷರ ಮಾಯ. ಅಕ್ಷರ ಮತ್ತು ಹಿನ್ನೆಲೆಯ ಹೊಳಪಿನ ಅನುಪಾತ ಕನಿಷ್ಠ 4.5ಕ್ಕೆ 1 ಇರಬೇಕೆಂದು ಮೇಲೆ ಹೇಳಿದ ಮಾರ್ಗಸೂಚಿ ಹೇಳುತ್ತದೆ. ಬಿಳಿಯ ಮೇಲೆ ಅಚ್ಚ ಕಪ್ಪು ಇಟ್ಟರೆ ಅನುಪಾತ ಲೆಕ್ಕ ಹಾಕುವ ಗೋಜೇ ಇಲ್ಲ.

ಈ ಭಾಗದ ಓದುಗರ ಮನೆಮಾತು ಹೆಚ್ಚಾಗಿ ತುಳು; ಕೊಂಕಣಿ, ಬ್ಯಾರಿ ಮಾತಾಡುವವರೂ ಬಹಳ. ಬರೆಯುವ ಲಿಪಿ ಮಾತ್ರ ಕನ್ನಡ. ಇದು ಇಲ್ಲಿಗೆ ಹೊಸದಲ್ಲ: ಮೂಡುಬಿದಿರೆಯ ಸಿದ್ಧಾಂತ ಬಸದಿಯ ‘ಧವಲಾ’ ಎಂಬ ಜೈನ ಗ್ರಂಥದ ತಾಳೆಗರಿಗಳಲ್ಲಿ ಭಾಷೆ ಪ್ರಾಕೃತ ಮತ್ತು ಸಂಸ್ಕೃತ, ಲಿಪಿ ಹಳೆಯ ಕನ್ನಡ. ಫಾಂಟಿಗೆ ಭಾಷೆ ಯಾವುದೆಂಬುದು ಮುಖ್ಯವಲ್ಲ ಎನಿಸಬಹುದು, ಆದರೆ ತುಳು ಬರೆಯತೊಡಗಿದರೆ ಸಂಗತಿ ಬೇರೆಯಾಗುತ್ತದೆ. ತುಳುವಿನಲ್ಲಿ ಅರ್ಧ ಉಕಾರವನ್ನು ವಿರಾಮ ಚಿಹ್ನೆಯಿಂದ ಸೂಚಿಸುವ ರೂಢಿಯಿದೆ. ‘ಬತ್ತ್‌ದ್’ ಎಂಬ ಪದದ ನಡುವೆ ಆ ಕಾಣದ ಸಂಕೇತ ಹಾಕದಿದ್ದರೆ ತದ ಕೆಳಗೆ ತ, ದ ಎರಡೂ ಒತ್ತಾಗಿ ಇಳಿದು ತುಳುವರಿಗೇ ಗುರುತು ಸಿಗದ ರೂಪವಾಗುತ್ತದೆ. 2016ರಲ್ಲಿ ಆರಂಭವಾದ ತುಳು ವಿಕಿಪೀಡಿಯ ಕನ್ನಡ ಲಿಪಿಯಲ್ಲಿದೆ; ಅಲ್ಲಿ ಬರೆಯುವವರಿಗೆ ಇದು ದಿನದ ಪಾಡು. ತುಳುವಿನಲ್ಲಿ ಸಹಾಯ ಪಠ್ಯ ಕೊಡುವವರು ಪದದ ನಡುವೆ ವಿರಾಮ ಚಿಹ್ನೆ ನಿಲ್ಲುವ ಕಡೆ ಫಾಂಟ್ ಹೇಗೆ ನಡೆದುಕೊಳ್ಳುತ್ತದೆ ಎಂದು ಬೇರೆಯಾಗಿಯೇ ಪರೀಕ್ಷಿಸಬೇಕು.

ತುಳುವಿನ ಸ್ವಂತ ಲಿಪಿಯ ಸ್ಥಿತಿ ಇನ್ನೂ ಬೇರೆ. ತುಳು-ತಿಗಳಾರಿ ಲಿಪಿ 2024ರ ಸೆಪ್ಟೆಂಬರಿನಲ್ಲಿ ಯೂನಿಕೋಡ್‌ನ 16ನೆಯ ಆವೃತ್ತಿಗೆ ಸೇರಿತು. ಅಂದರೆ ಅದರ ಅಕ್ಷರಗಳಿಗೆ ಈಗ ಜಗತ್ತಿನ ಎಲ್ಲ ಯಂತ್ರಗಳೂ ಒಪ್ಪುವ ಸಂಕೇತಗಳಿವೆ. ಸಂಕೇತ ಬಂದ ಮಾತ್ರಕ್ಕೆ ಫಾಂಟ್ ಬರುವುದಿಲ್ಲ. ಫಾಂಟ್ ತಯಾರಾಗಬೇಕು, ಒತ್ತು ಮತ್ತು ಗುಣಿತಗಳನ್ನು ಕೂಡಿಸುವ ನಿಯಮಗಳನ್ನು ಕಾರ್ಯವ್ಯವಸ್ಥೆಗಳು ಕಲಿಯಬೇಕು, ಹೊಸ ಫೋನುಗಳಲ್ಲಿ ಅದು ಕಾರ್ಖಾನೆಯಿಂದಲೇ ಬರಬೇಕು, ಹಳೆಯ ಫೋನುಗಳು ಕೈಬಿಟ್ಟುಹೋಗಬೇಕು. ಕನ್ನಡದ ಮಟ್ಟಿಗೆ ಯೂನಿಕೋಡ್‌ನಿಂದ ಆ್ಯಂಡ್ರಾಯ್ಡ್ ಫೋನಿನ ತನಕದ ಈ ದಾರಿ 1991ರಲ್ಲಿ ಶುರುವಾಗಿ ಇಪ್ಪತ್ತು ವರ್ಷಗಳಷ್ಟು ಹಿಡಿಯಿತು. ತುಳು ಲಿಪಿಯ ಫಾಂಟ್ ಫೋನುಗಳಿಗೆ ಬರುವವರೆಗೆ ಆ ಲಿಪಿಯಲ್ಲಿ ಸಹಾಯ ಪುಟ ಮಾಡುವವರು ಫಾಂಟನ್ನು ಪುಟದೊಂದಿಗೇ ಕಳಿಸಬೇಕು, ಪಕ್ಕದಲ್ಲಿ ಅದೇ ಪಠ್ಯವನ್ನು ಕನ್ನಡ ಲಿಪಿಯಲ್ಲೂ ಇಡಬೇಕು.